ಬೇಸಿಗೇಲಿ ಹಸುಗೂಸನ್ನ ಬಿಸಿಲಿಂದ ಕಾಪಾಡೋದು ಹೇಗೆ
ಬೆಳಗ್ಗೆ 10ರಿಂದ ಸಂಜೆ 4ರ ತನಕ ಮಗೂನ ಹೊರಗೆ ಕರ್ಕೊಂಡು ಹೋಗ್ಬೇಡಿ, ಹೋಗ್ಲೇಬೇಕು ಅಂದ್ರೆ ನೆರಳಲ್ಲೇ ಇರಿ, ತೆಳು ಕಾಟನ್ ಬಟ್ಟೆ, ಅಗಲ ಅಂಚಿನ ಟೋಪಿ ಹಾಕಿ, 6 ತಿಂಗಳೊಳಗಿನ ಮಗೂಗೆ ಸನ್‌ಸ್ಕ್ರೀನ್ ನೆಚ್ಕೋಬೇಡಿ. ಬಿಸಿಲು ತಾಗತ್ತೆ ಅಂತ ತಳ್ಳುಗಾಡಿ ಮೇಲೆ ಬಟ್ಟೆ ಹೊದಿಸ್ತಾರಲ್ಲ, ನಾನೂ ಮಾಡಿದ್ದೆ, ಒಳಗೆ ಕೈ ಇಟ್ಟು ನೋಡಿದ್ರೆ ಒಳ್ಳೆ ಒಲೆ ಥರ, ಗಾಳಿನೇ ಆಡ್ತಿರ್ಲಿಲ್ಲ. ಸೆಕೆ ಆಗ್ತಿದ್ಯಾ ಅಂತ ಕೈಕಾಲು ಮುಟ್ಟಿದ್ರೆ ಗೊತ್ತಾಗಲ್ಲ, ಕತ್ತಿನ ಹಿಂಭಾಗ ಮುಟ್ಟಿ, ಬೆವರಿದ್ರೆ ಒಂದು ಪದರ ಬಟ್ಟೆ ತೆಗೀರಿ. 6 ತಿಂಗಳೊಳಗಿನ ಮಗೂಗೆ ಬಾಯಾರಿಕೆಗೆ ನೀರು ಬೇಡ, ಎದೆಹಾಲು ಇಲ್ಲ ಫಾರ್ಮುಲಾ ಹಾಲನ್ನೇ ಪದೇ ಪದೇ ಕುಡಿಸಿ. ನಿಲ್ಸಿದ ಕಾರಲ್ಲಿ ಒಂದು ನಿಮಿಷನೂ ಬಿಡ್ಬೇಡಿ. ಉಚ್ಚೆ ಕಮ್ಮಿ ಆದ್ರೆ, ಮಂಕಾಗಿ ಹಾಲು ಬಿಟ್ರೆ, ಇಲ್ಲ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ತಕ್ಷಣ ಡಾಕ್ಟರ್ ಹತ್ರ ಓಡಿ.