ಪೆನ್ನಿಲೆ ಬರಸಿದ ಮ್ಯಾಲನೇ ಸಿಮ್ಯುಲೇಶನ್ ತೆಗೀತೀನಿ

ಗಂಗಾವತಿ ಕಡೆ ಪಿಯು ಹುಡುಗ್ರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳ್ತೀನಿ. ಮೊದಲ್ನೇ ವರ್ಷ ಫೆಟ್‌ನ (PhET) ಪ್ಲಿಂಕೋ ಸಿಮ್ಯುಲೇಶನ್ (ಕಂಪ್ಯೂಟರ್‌ನ್ಯಾಗ ಮಾಡಿ ನೋಡೋ ಪ್ರಯೋಗ, ಕೊಲೊರಾಡೊ ಯೂನಿವರ್ಸಿಟಿಯವ್ರದು, ಫ್ರೀ) ಪ್ರೊಜೆಕ್ಟರ್‌ಗೆ ಹಾಕಿ 'ನೀವ ಕಂಡುಹಿಡೀರಿ' ಅಂತ ಬಿಟ್ಟೆ. ಗುಂಡು ಮೊಳೆಗೆ ಬಡ್ಕೊಂತ ಎಡಕ್ಕ ಬಲಕ್ಕ ಹೊಳ್ಳಿ ಕೆಳಗ ಬೀಳ್ತಾವ, ನಡುವ ಗುಡ್ಡ ಆಗತೈತಿ, ಹುಡುಗ್ರು ಜಾತ್ರಿ ನೋಡಿದಂಗ ನೋಡಿದ್ರು. ಮರುದಿನ ನಡುವ ಯಾಕ ಜಾಸ್ತಿ ಬಿದ್ವು ಅಂದ್ರ ಒಬ್ರೂ ಬಾಯಿ ಬಿಡ್ಲಿಲ್ಲ. ತಪ್ಪು ನಂದ, ಪ್ರಶ್ನೆನೇ ಕೊಟ್ಟಿದ್ದಿಲ್ಲ.

ಮುಂದಿನ ವರ್ಷ ಮೊದ್ಲು ನೋಟ್‌ಬುಕ್‌ನ್ಯಾಗ ಉತ್ತರ ಬರಸಿದೆ, ಪೆನ್ನಿಲೆ, ಅಳಿಸಂಗಿಲ್ಲ. ನಾಣ್ಯ 10 ಸಲ ಹಾರಿಸಿದ್ರ ಸರಿಯಾಗಿ 5 ಹೆಡ್ಸ್ ಬೀಳೋ ಚಾನ್ಸ್ ಜಾಸ್ತಿನೋ, 100 ಸಲ ಹಾರಿಸಿದ್ರ ಸರಿಯಾಗಿ 50 ಬೀಳೋದು ಜಾಸ್ತಿನೋ? ಹೆಚ್ಚುಕಮ್ಮಿ ಎಲ್ರೂ 100 ಅಂತ ಬರದ್ರು. 'ಜಾಸ್ತಿ ಹಾರಿಸಿದಷ್ಟೂ ಅರ್ಧಕ್ಕರ್ಧ ಆಗತೈತಿ ಅಂತ ನೀವ ಹೇಳೀರಲ್ರಿ ಸರ್' ಅಂತ ಒಬ್ಬಾಕಿ ನನ್ನ ಮಾತು ನನಗ ತಿರುಗಿಸಿದ್ಲು. ನಾನು ಸುಮ್ನಿದ್ದೆ, ಮಾಸ್ತರಿಗೆ ಅದ ಕಷ್ಟ ನೋಡ್ರಿ.

ಮೊದ್ಲು ಖರೇ ನಾಣ್ಯ. 38 ಮಂದಿ ಹತ್ತತ್ತು ಸಲ ಹಾರಿಸಿದ್ರು, ಬೆಂಚಿನ ಕೆಳಗ ಉರುಳಿದ್ದು ಹುಡುಕೋದ್ರಾಗ ಅರ್ಧ ಪೀರಿಯಡ್ ಹೋತು, 9 ಮಂದಿಗೆ ಸರಿಯಾಗಿ 5. ಆಮ್ಯಾಲ ರಾಸ್‌ಮನ್-ಚಾನ್ಸ್ ಆಪ್ಲೆಟ್‌ನ್ಯಾಗ (ನೆಟ್‌ನ್ಯಾಗ ನಾಣ್ಯ ಹಾರಿಸೋ ಪ್ರೋಗ್ರಾಮು) ಅದನ್ನ ಸಾವಿರ ಸಲ ಓಡಿಸಿದ್ವಿ, ನೂರಕ್ಕ 25ರ ಹತ್ರ ಬಂತು. 100 ನಾಣ್ಯ ಇಟ್ಟು ಓಡಿಸಿದ್ರ ನೂರಕ್ಕ 8!

'ಸರ್, ನೆಟ್ ಸ್ಲೋ ಐತಿ ಅದಕ್ಕ' ಅಂದ ಹಿಂದಿನ ಬೆಂಚಿನವ. ಮತ್ತ ಓಡಿಸಿದ್ವಿ, ಮತ್ತ ಅಷ್ಟ. ಆ ಹುಡುಗಿ ಎದ್ದು ಬಂದು ಪರದೆ ಮ್ಯಾಲ ಬೆರಳಿಟ್ಟು ಎಣಿಸಿದ್ಲು, 'ಸರ್, 50ಕ್ಕ ಬೀಳೋದು ಕಮ್ಮಿ, ಆದ್ರ 40ರಿಂದ 60ರೊಳಗ ನೂರಕ್ಕ 96 ಬಿದ್ದಾವ, 10ರದ್ರಾಗ 4ರಿಂದ 6ರೊಳಗ 65ರ ಹತ್ರ ಅಷ್ಟ.' ಅಂದ್ರ ಎಣಿಕೆನ್ಯಾಗ ಹರವು ಬೆಳೀತೈತಿ, ಪ್ರಮಾಣದಾಗ ಕಿರಿದಾಗತೈತಿ, ಇದನ್ನ ನಾನು ಬೋರ್ಡ್ ಮ್ಯಾಲ ಎಷ್ಟು ವರ್ಷ ಬರದ್ರೂ ಒಬ್ರೂ ಹಿಂಗ ಹೇಳಿದ್ದಿಲ್ಲ. n ಸಲ ಹಾರಿಸಿದ್ರ ಎಣಿಕೆಯ ಹರವು √n ಲೆಕ್ಕದಾಗ ಬೆಳೀತೈತಿ (ಹಾರಿಸೋದು ನಾಕು ಪಟ್ಟಾದ್ರ ಹರವು ಎರಡ ಪಟ್ಟು, ಪ್ರಮಾಣದಾಗ ಅರ್ಧ) ಅಂತ ಅವತ್ತ ಬರದೆ, ಎರಡ ನಿಮಿಷ ಸಾಕಾತು.

ಕರೆಂಟ್ ಹೋದ್ರ? ಫೆಟ್‌ನವು ಡೌನ್‌ಲೋಡ್ ಆಗ್ತಾವ, ಮೊದ್ಲ ಲ್ಯಾಪ್‌ಟಾಪ್‌ಗೆ ಇಳಿಸಿ ಇಟ್ಕೊಂತೀನಿ.

ವಾರ ಬಿಟ್ಟು ರೈಸ್ ಮಿಲ್ ಹುಡುಗ ಬಂದ. ಅವ್ರಪ್ಪ ಲೋಡಿನ್ಯಾಗ 10 ಚೀಲಕ್ಕ ಕೊಳವೆ ಚುಚ್ಚಿ ಭತ್ತ ನೋಡ್ತಾನಂತ. 'ಅಂದಾಜಿನ ತಪ್ಪು ಅರ್ಧ ಆಗ್ಬೇಕಂದ್ರ 20 ಚುಚ್ಚಿದ್ರ ಸಾಕೇನ್ರಿ?' ಅಂದ. 'ನೀನ ಓಡಿಸಿ ನೋಡು' ಅಂದೆ. ಓಡಿಸಿ 40 ಅಂತ ತಂದ. ಅಪ್ಪ ಅಂದನಂತ, ಅಷ್ಟು ಚುಚ್ಚಿದ್ರ ಹೊಲಿಯಾಕ ಯಾರು ಕೂಡಬೇಕಲೇ.