ನೆರಿಗೆ ಹಿಡಿದು ಕಟ್ಟಿದ ಧ್ವಜ: ನನ್ನ ಅನುಭವ

ಮದ್ದೂರು ತಾಲ್ಲೂಕಿನ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ಹೂವಿನ ಎಸಳಿಟ್ಟು ಮಡಿಸಿ ಕಟ್ಟಿದ ಧ್ವಜವನ್ನು ರಾಟೆಯ ಮೂಲಕ ಕಂಬದ ತುದಿಗೇರಿಸಿ, ಅತಿಥಿಗಳು ಕೆಳಗಿನ ಹಗ್ಗ ಎಳೆದಾಗ ಗಂಟು ಬಿಚ್ಚಿ ಅರಳುವಂತೆ ಮಾಡುವುದು ನಮ್ಮ ಶಾಲೆಗಳ ರೂಢಿ. ಧ್ವಜವನ್ನು ಸುರುಳಿ ಸುತ್ತದೆ ನೆರಿಗೆ ಹಿಡಿದು ಕಟ್ಟಬೇಕೆಂದು ನಾನು ಹೇಳಿದಾಗ ತಾಲ್ಲೂಕಿನ ಹಿರಿಯ ಶಿಕ್ಷಕರೆಲ್ಲ ನಕ್ಕಿದ್ದರು. ಆ ಕ್ರಮದಲ್ಲಿ ಕಟ್ಟಿದ ಧ್ವಜ ಈವರೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಒಂದೇ ಎಳೆತಕ್ಕೆ ಅರಳಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

2014ರ ಆಗಸ್ಟ್ 15ರಂದು ನಮ್ಮ ಶಾಲೆಯಲ್ಲಿ ಆದದ್ದನ್ನು ಮೊದಲು ಹೇಳಬೇಕು. ಹಿಂದಿನ ರಾತ್ರಿಯಿಡೀ ಸೋನೆಮಳೆ ಸುರಿದಿತ್ತು. ಅತಿಥಿಗಳು ಹಗ್ಗ ಎಳೆದರು, ಧ್ವಜ ಬಿಚ್ಚಲಿಲ್ಲ. ಮತ್ತೆ ಎಳೆದರು, ಗಂಟು ಇನ್ನಷ್ಟು ಬಿಗಿಯಿತು. ಮಕ್ಕಳು ರಾಷ್ಟ್ರಗೀತೆಗೆ ಸಿದ್ಧರಾಗಿ ನಿಂತೇ ಇದ್ದರು. ಕೊನೆಗೆ ಧ್ವಜವನ್ನು ಕೆಳಗಿಳಿಸಿ, ನಡುಗುವ ಕೈಯಿಂದ ಗಂಟು ಬಿಡಿಸಿ, ಬಿಚ್ಚಿದ ಧ್ವಜವನ್ನೇ ಮೇಲೇರಿಸಿದೆ. ನಮ್ಮದೇ ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸ್ವಾತಂತ್ರ್ಯ ಹೋರಾಟಗಾರ ಟಿ. ಸಿದ್ಧಲಿಂಗಯ್ಯನವರು ಧ್ವಜ ಹಾರಿಸಿ ಬಂಧನಕ್ಕೊಳಗಾದ ಕಥೆಯನ್ನು ಪ್ರತಿವರ್ಷ ಭಾಷಣದಲ್ಲಿ ಹೇಳುತ್ತಿದ್ದವನು ನಾನೇ. ಯಾರ ಅಡ್ಡಿಯೂ ಇಲ್ಲದ ಕಾಲದಲ್ಲಿ ಧ್ವಜವನ್ನು ಅರಳಿಸಲಾಗದ ನನಗೆ ಆ ದಿನ ಭಾಷಣ ಮಾಡಲು ಬಾಯಿ ಬರಲಿಲ್ಲ.

ಕೆಂಪುಕೋಟೆಯಲ್ಲಿ ಆಗಸ್ಟ್ 15ರಂದು ಧ್ವಜವನ್ನು ಕೆಳಗಿನಿಂದ ಏರಿಸುತ್ತಾರೆ, ಜನವರಿ 26ರಂದು ರಾಷ್ಟ್ರಪತಿಗಳು ಮೇಲೆ ಕಟ್ಟಿಟ್ಟ ಧ್ವಜವನ್ನು ಬಿಚ್ಚುತ್ತಾರೆ ಎಂಬ ವ್ಯತ್ಯಾಸ ಎಲ್ಲರಿಗೂ ತಿಳಿದದ್ದೇ. ನಮ್ಮ ಶಾಲೆಗಳಲ್ಲಿ ಮಾತ್ರ ಹೂವಿನ ಎಸಳು ಉದುರುವ ಅಂದಕ್ಕಾಗಿ ಎರಡೂ ದಿನ ಕಟ್ಟಿಯೇ ಏರಿಸುವ ರೂಢಿ ಬೆಳೆದುಬಂದಿದೆ. ಆಗಸ್ಟ್‌ನಲ್ಲಿ ಮಳೆಯೂ ಜೊತೆಗೂಡುವುದರಿಂದ ಮರ್ಯಾದೆ ಹೋಗುವುದು ಹೆಚ್ಚಾಗಿ ಆ ತಿಂಗಳಲ್ಲಿಯೇ.

ತಪ್ಪು ಹಗ್ಗದ್ದೆಂದು ಮೊದಲು ನಂಬಿದೆ. ಹಳೆಯ ನೂಲಿನ ಹಗ್ಗ ನೆನೆದು ಉಬ್ಬಿತ್ತು ಎಂಬುದು ನಿಜ. ಕೈಯಿಂದ ಸುಮಾರು ಮುನ್ನೂರೈವತ್ತು ರೂಪಾಯಿ ಕೊಟ್ಟು ಹೆಣೆದ ನೈಲಾನ್ ಹಗ್ಗವನ್ನೂ, ಇನ್ನಾರುನೂರು ಕೊಟ್ಟು ಹಿತ್ತಾಳೆಯ ರಾಟೆಯನ್ನೂ ತಂದೆ. ಮುಂದಿನ ಜನವರಿಯಲ್ಲಿ ಆದದ್ದು ಉಲ್ಟಾ. ನುಣುಪಾದ ಹಗ್ಗ ಧ್ವಜ ಮೇಲೇರುವಾಗಲೇ ಜಾರಿ, ಅತಿಥಿಗಳು ಕಂಬದ ಬಳಿ ಬರುವ ಮೊದಲೇ ಎಸಳುಗಳೆಲ್ಲ ನನ್ನ ತಲೆಯ ಮೇಲೆ ಸುರಿದವು. ಸಾವಿರ ರೂಪಾಯಿ ಖರ್ಚು ಮಾಡಿ ಹೊಸದೊಂದು ಅವಮಾನವನ್ನು ಕೊಂಡಂತಾಯಿತು.

ಆ ಬೇಸಿಗೆಯಲ್ಲಿ ಹಟ ಹಿಡಿದು ಕುಳಿತೆ. ರಾಷ್ಟ್ರಧ್ವಜವನ್ನು ಪ್ರಯೋಗಕ್ಕೆ ಬಳಸುವಂತಿಲ್ಲವಾದ್ದರಿಂದ ಎರಡಡಿ ಮೂರಡಿ ಅಳತೆಯ ಬಿಳಿ ಖಾದಿ ತುಂಡೊಂದಕ್ಕೆ ದಪ್ಪ ಬಟ್ಟೆಯ ಪಟ್ಟಿ ಹೊಲಿಸಿ, ಒಳಗೆ ಹಗ್ಗ ತೂರಿಸಿ, ಮೇಲ್ತುದಿಗೆ ಧ್ವಜದಲ್ಲಿರುವಂಥದೇ ಮರದ ತುಂಡು ಕಟ್ಟಿಕೊಂಡೆ. ದರ್ಜಿ ನಲವತ್ತು ರೂಪಾಯಿ ತೆಗೆದುಕೊಂಡ. ಒಂದು ಬಕೆಟ್ ನೀರಿನಲ್ಲಿ ಅದ್ದಿ, ಹಿತ್ತಲಿನ ತೆಂಗಿನ ಮರಕ್ಕೆ ರಾಟೆ ಕಟ್ಟಿ, ಅರವತ್ತು ಎಪ್ಪತ್ತು ಸಲ ಏರಿಸಿ ಎಳೆದಿರಬಹುದು. ಸುರುಳಿ ಸುತ್ತಿದ ಒದ್ದೆ ಬಟ್ಟೆ ಇಪ್ಪತ್ತು ಸಲದಲ್ಲಿ ಏಳೆಂಟು ಸಲ ಕಚ್ಚಿಕೊಂಡಿತು. ಕೆಲವು ಸಲವಂತೂ ಗಂಟು ಬಿಟ್ಟರೂ ಸುರುಳಿ ಬಿಡಲಿಲ್ಲ. ಕೈನೂಲಿನ ಬಟ್ಟೆ ತನ್ನ ಮೈಗೆ ತಾನೇ ಅಂಟಿಕೊಂಡಿರುತ್ತಿತ್ತು. ಅಲ್ಲಿಯವರೆಗೆ ಗಂಟನ್ನೇ ಬೈಯುತ್ತಿದ್ದ ನನಗೆ ದೋಷ ಮಡಿಕೆಯಲ್ಲಿದೆ ಎಂದು ಹೊಳೆದದ್ದು ಆಗ.

ನೆರಿಗೆಯ ಉಪಾಯ ಮಾತ್ರ ನನ್ನದಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ಸುತ್ತಿದ್ದು ಎಲ್ಲಿ ಬಿಚ್ಕೊಳ್ಳುತ್ತೆ? ಸೀರೆ ನೆರಿಗೆ ಹಿಡಿದ ಹಾಗೆ ಹಿಡೀರಿ, ಬಿಟ್ಟ ಕೂಡಲೇ ಜಾರುತ್ತೆ" ಎಂದಳು. ಧ್ವಜವನ್ನು ಉದ್ದುದ್ದಕ್ಕೆ ನಾಲ್ಕು ಪದರವಾಗಿ ಮಡಿಸಿ, ಹಾರುವ ತುದಿಯಿಂದ ಹಗ್ಗದ ಅಂಚಿನವರೆಗೆ ಅಂಗೈಯಗಲದ ನೆರಿಗೆಗಳನ್ನು ಹಿಂದೆ ಮುಂದೆ ಹಿಡಿದು, ಅತಿಥಿಗಳು ಎಳೆಯುವ ಕೆಳಗಿನ ಹಗ್ಗವನ್ನು ಎರಡೂವರೆ ಸುತ್ತು ಸುತ್ತಿ, ಅದೇ ಹಗ್ಗದ ಕುಣಿಕೆಯನ್ನು ಸುತ್ತಿನಡಿ ಸಿಕ್ಕಿಸುವುದು ಈಗಿನ ನನ್ನ ಕ್ರಮ. ಆ ಅರ್ಧ ಸುತ್ತು ನೈಲಾನಿನ ಜಾರಿಕೆಗೆ ಹಾಕಿದ ಕಡಿವಾಣ. ಏರಿಸುವಾಗ ಕೆಳಗಿನ ಹಗ್ಗವನ್ನು ಯಾರೂ ಬಿಗಿಹಿಡಿಯಬಾರದು; 2014ರಲ್ಲಿ ಒಬ್ಬ ಹುಡುಗ ಶ್ರದ್ಧೆಯಿಂದ ಜಗ್ಗಿ ಹಿಡಿದದ್ದರಿಂದಲೇ ಗಂಟು ಅರ್ಧ ದಾರಿಯಲ್ಲಿ ಬಿಗಿದಿತ್ತೆಂದು ಈಗ ಅನ್ನಿಸುತ್ತದೆ. ಕುಣಿಕೆಯ ಉದ್ದವೆಷ್ಟು, ಹಿಂದಿನ ರಾತ್ರಿ ಹಗ್ಗದ ಆ ಗೇಣುದ್ದಕ್ಕೆ ನಾನು ಏನು ಉಜ್ಜುತ್ತೇನೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಈ ಕ್ರಮ ಇಪ್ಪತ್ತಕ್ಕೆ ಒಂದು ಸಲ ಮಾತ್ರ ಕೈಕೊಟ್ಟಿತು.

ಎಸಳುಗಳ ಪ್ರಯೋಗಕ್ಕೂ ದಂಡ ತೆತ್ತಿದ್ದೇನೆ. ವಿಶೇಷ ಸಂದರ್ಭಗಳಲ್ಲಿ ಧ್ವಜದೊಳಗೆ ಹೂವಿನ ಎಸಳುಗಳನ್ನು ಇಡಲು 2002ರ ಧ್ವಜ ಸಂಹಿತೆಯೇ ಅವಕಾಶ ಕೊಟ್ಟಿದೆ, ಎಸಳು ಯಾವ ಹೂವಿನದೆಂದು ಹೇಳಿಲ್ಲ. ಒದ್ದೆ ಚೆಂಡು ಹೂವು ಹಾಕಿದ ವರ್ಷ ಬಿಳಿ ಪಟ್ಟಿಗೆ ಹಳದಿ ಕಲೆ ಹತ್ತಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದ ಖಾದಿ ಧ್ವಜವನ್ನು ಒಂಬೈನೂರು ರೂಪಾಯಿಯ ಆಸುಪಾಸು ಕೊಟ್ಟು ಮತ್ತೆ ತರಿಸಬೇಕಾಯಿತು. ಕಲೆಯಾದದ್ದನ್ನು ಸಂಹಿತೆಯಲ್ಲಿ ಹೇಳಿದಂತೆ ಏಕಾಂತದಲ್ಲಿ ಸುಟ್ಟೆ. ಆ ಸಂಜೆ ಊಟ ಸೇರಲಿಲ್ಲ. ಈಗ ಬಿಳಿ ಸೇವಂತಿಗೆಯ ಎಸಳನ್ನು ಒಂದು ದಿನ ನೆರಳಲ್ಲಿ ಆರಿಸಿ, ಒಂದು ಹಿಡಿಯಷ್ಟು ಮಾತ್ರ ಹಾಕುತ್ತೇನೆ. ಹೆಚ್ಚು ಹಾಕಿದರೆ ನೆರಿಗೆಯ ನಡು ಉಬ್ಬಿ ಸುತ್ತು ಸಡಿಲವಾಗುತ್ತದೆ.

2021ರ ಕೊನೆಯಲ್ಲಿ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆತ ಮೇಲೆ, 2022ರಲ್ಲಿ ಅಂಥ ಬಟ್ಟೆಯ ತುಂಡನ್ನೂ ಅದೇ ತೆಂಗಿನ ಮರಕ್ಕೆ ಏರಿಸಿ ನೋಡಿದೆ. ಅದು ನೆನೆದರೂ ಬೇಗ ಬಿಡುತ್ತದೆ, ಆದರೆ ನೆರಿಗೆ ಕೈಯಲ್ಲಿ ನಿಲ್ಲುವುದೇ ಇಲ್ಲ; ಮೂರು ಸುತ್ತು ಬೇಕಾಗುತ್ತದೆ. ಖಾದಿಗಿರುವ ಗತ್ತು ಅದು ಬೀಸುವಾಗ ನನಗೆ ಕಾಣಲಿಲ್ಲ.

ಅತಿಥಿಗಳದ್ದು ಬೇರೆಯೇ ಸಮಸ್ಯೆ. ಒಮ್ಮೆ ಏರಿಸುವ ಹಗ್ಗವನ್ನು ಕಂಬದ ಕೊಕ್ಕೆಗೆ ಬಿಗಿಯಲು ಮರೆತಿದ್ದೆ. ಅವರು ಎಳೆದ ಕೂಡಲೇ ಧ್ವಜದ ಗಂಟು ಇದ್ದಂತೆಯೇ ಮೂರಡಿ ಕೆಳಗಿಳಿಯಿತು. ಈಗ ಕೊಕ್ಕೆಯನ್ನು ಎರಡು ಸಲ ಮುಟ್ಟಿ ನೋಡಿ, ಎಳೆಯಬೇಕಾದ ಹಗ್ಗಕ್ಕೆ ಎದೆಯೆತ್ತರದಲ್ಲಿ ಕೆಂಪು ದಾರ ಕಟ್ಟಿ, "ದಾರ ಇರೋದನ್ನ ನೇರ ಕೆಳಕ್ಕೆ ಒಂದೇ ಸಲ ಎಳೀರಿ ಸಾರ್" ಎಂದು ಕಿವಿಯಲ್ಲಿ ಹೇಳುತ್ತೇನೆ.

ನೆರಿಗೆ ಹಿಡಿದರೆ ಗಾಳಿಗೆ ಮೇಲೆಯೇ ಬಿಚ್ಚಿಹೋಗುತ್ತದೆಂದು ಅಂದು ಎಲ್ಲರೆದುರು ನಕ್ಕಿದ್ದ ಹಿರಿಯರೊಬ್ಬರು ಕಳೆದ ಆಗಸ್ಟ್ 14ರ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, ಕುಣಿಕೆಯನ್ನು ಯಾವ ಕಡೆಯಿಂದ ಸಿಕ್ಕಿಸಬೇಕೆಂದು ಕೇಳಿದರು. ಹೊರಗೆ ಮಳೆ ಹುಯ್ಯುತ್ತಿತ್ತು. "ಫೋನಲ್ಲಿ ಗಂಟು ಹಾಕಕ್ಕಾಗಲ್ಲ ಮೇಷ್ಟ್ರೇ, ಹಗ್ಗ ಹಿಡ್ಕೊಂಡು ಬನ್ನಿ" ಎಂದೆ. ಅರ್ಧ ಗಂಟೆಯಲ್ಲಿ ಬಂದರು.