ಥಾರನ ಸುತ್ತಿಗೆಗೆ ಗಿಡ್ಡ ಕಾವೇ ಹಾಕಿ

ಶಾಲೆ ನಾಟಕಗಳಿಗೆ ಆಯುಧ ಮಾಡಿಕೊಡುವವಳು ನಾನು. ಭೀಮನ ಗದೆ, ಶಿವಧನುಸ್ಸು ಎಲ್ಲ ಮಾಡಿದ್ದೇನೆ. ಈಚೆಗೆ ಗುಡುಗಿನ ದೇವರು ಥಾರನ ಸುತ್ತಿಗೆ ಕೇಳುವವರು ಜಾಸ್ತಿ. ಎಲ್ಲರೂ ಸಿನಿಮಾದ ಫೋಟೋ ತೋರಿಸುತ್ತಾರೆ. ನಾನು ಮಾತ್ರ ಉತ್ತರ ಯೂರೋಪಿನ ಹಳೇ ನಾರ್ಸ್ ಕಥೆಯಲ್ಲಿ ಇರುವಂತೆಯೇ ಮಾಡುವುದು. ಅದರ ಕಾವು, ಅಂದ್ರೆ ಹಿಡಿ, ಮೋಟು.

ಯಾಕೆ ಅಂದ್ರೆ, ಕುಳ್ಳರ ಕುಲದ ಅಣ್ಣತಮ್ಮಂದಿರು ಸಿಂದ್ರಿ, ಬ್ರಾಕ್ ಕುಲುಮೆಯಲ್ಲಿ ಅದನ್ನು ಮಾಡುತ್ತಿದ್ದರು. ಅವರ ಕೈಲಿ ಒಳ್ಳೇ ವಸ್ತು ಆಗಲ್ಲ ಅಂತ ಕಿತಾಪತಿ ದೇವರು ಲೋಕಿ ತನ್ನ ತಲೆಯನ್ನೇ ಪಣ ಕಟ್ಟಿದ್ದ. ಸೋಲುವ ಹಾಗೆ ಕಂಡಾಗ ನೊಣವಾಗಿ ಬಂದು, ತಿದಿ ಒತ್ತುತ್ತಿದ್ದ ಬ್ರಾಕನ ರೆಪ್ಪೆಗೆ ಕಚ್ಚಿದ. ರಕ್ತ ಕಣ್ಣಿಗಿಳಿಯಿತು. ನೊಣ ಓಡಿಸಲು ಬ್ರಾಕ್ ಒಂದು ಗಳಿಗೆ ತಿದಿ ಬಿಟ್ಟ, ಕಾವು ಗಿಡ್ಡವಾಯಿತು. ಆದರೂ ಗೆದ್ದದ್ದು ಅದೇ ಸುತ್ತಿಗೆ!

ಹಾಗಾಗಿ ಮಗುವಿನ ಒಂದು ಮುಷ್ಟಿ, ಮೇಲೆ ಎರಡು ಬೆರಳು, ಅಷ್ಟೇ ಪಿವಿಸಿ ಪೈಪು ಹೊರಗೆ ಕಾಣಲಿ. ಒಳಗೆ ಮಾತ್ರ ಅದು ಸುತ್ತಿಗೆ ತಲೆಯ ಆಚೆ ಬದಿ ಮುಟ್ಟಬೇಕು, ಇಲ್ಲದಿದ್ರೆ ಮೊದಲ ಏಟಿಗೇ ಕಳಚುತ್ತದೆ. ಆಕಾರಕ್ಕೆ ಆ ಕಡೆಯ ಹಳೇ ಕಾಲದ ಕಡಲಿಗರು ವೈಕಿಂಗರ ಸುತ್ತಿಗೆಯಾಕಾರದ ತಾಯಿತ ನೋಡಿ. 2014ರಲ್ಲಿ ಡೆನ್ಮಾರ್ಕಿನ ಲೋಲೆಂಡ್ ದ್ವೀಪದಲ್ಲಿ ಸಿಕ್ಕ ಒಂದರ ಮೇಲೆ ರೂನ್ ಲಿಪಿಯಲ್ಲಿ 'ಇದು ಸುತ್ತಿಗೆ' ಅಂತಲೇ ಕೆತ್ತಿದ್ದಾರೆ, ಯಾರಿಗೂ ಅನುಮಾನ ಬರದಿರಲಿ ಅಂತಲೋ ಏನೋ.

ಅದೇ ಆಕಾರದ ಎರಡು ರಟ್ಟು ಕತ್ತರಿಸಿ, ನಡುವೆ ನಾಲ್ಕು ಬೆರಳಗಲದ ಪಟ್ಟಿ ಸುತ್ತ ಕೂಡಿಸಿ ಟೇಪ್ ಹಚ್ಚಿ. ಒಳಗೆ ಮುದುಡಿದ ಪೇಪರ್ ತುರುಕಿ. ಮೇಲೆ ಮೈದಾ ಗಂಜಿಯಲ್ಲಿ ಅದ್ದಿದ ನ್ಯೂಸ್‌ಪೇಪರ್ ಚೂರುಗಳನ್ನು ಮೂರು ಪದರ ಅಂಟಿಸಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಬೇಡ, ಒಳಗೇ ಬೂಸ್ಟು ಹಿಡಿಯುತ್ತದೆ. ಹುಳ ಬರಬಾರದು ಅಂತ ಗಂಜಿಗೆ ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ, ಮಕ್ಕಳ ಸಾಮಾನಿಗೆ ಬೇಡವೇ ಬೇಡ.

ಬಣ್ಣಕ್ಕೆ ಮುಂಚೆ ಸೆಣಬಿನ ದಾರವನ್ನು ಹೆಣಿಗೆಯಂತೆ ಅಂಟಿಸಿ. ಮೇಲೆ ಕಪ್ಪು ಬಳಿದು, ಒಣಗಿದ ಮೇಲೆ ಸ್ಪಂಜಿನಿಂದ ಬೆಳ್ಳಿ ಬಣ್ಣ ಸುಮ್ನೆ ತಟ್ಟಿ. ದಾರದ ಉಬ್ಬು ಮಾತ್ರ ಹೊಳೆಯುತ್ತದೆ, ಎರಕ ಹೊಯ್ದ ಹಾಗೇ ಕಾಣುತ್ತದೆ.

ಥಾರ್ ಕಬ್ಬಿಣದ ಕೈಗವಸು ಹಾಕಿಯೇ ಅದನ್ನು ಹಿಡಿಯುತ್ತಿದ್ದ. ಹಳೇ ಗ್ಲೌಸಿಗೆ ಬೆಳ್ಳಿ ಬಣ್ಣ ಸಾಕು. ಸುತ್ತಿಗೆ ಕದ್ದ ದೈತ್ಯ ಥ್ರಿಮ್‌ನ ಮನೆಗೆ ಥಾರ್ ಮದುಮಗಳ ವೇಷದಲ್ಲಿ ಹೋಗುವ ಪ್ರಸಂಗ ಆಡುವುದಾದರೆ, ಸುತ್ತಿಗೆಯನ್ನು ಮದುಮಗಳ ಮಡಿಲಲ್ಲಿ ಇಡುತ್ತಾರೆ. ತಲೆ ಒಂದು ಗೇಣಿಗಿಂತ ಅಗಲ ಬೇಡ, ಮಡಿಲಿಂದ ಜಾರುತ್ತದೆ. ಎರಡೂ ತುದಿಗೆ ದಪ್ಪ ಸ್ಪಂಜು ಅಂಟಿಸಿ, ಮುಂದಿನ ಏಟು ಥ್ರಿಮ್ ಆದ ಹುಡುಗನ ತಲೆಗೇ ಅಲ್ವಾ!